ಬಾರ್ಡರ್ ಎಂಬ ಪದದ ಅಗಲ



ಈ ದತ್ತಿ ಉಪನ್ಯಾಸದ ವಿಷಯ ಏನು ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ನಾನು ‘ಬಾರ್ಡರ್’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಬಂತು ಪ್ರಶ್ನೆ: ‘ಗಡೀದಾ ಸಾರ್, ಸೀರೇದಾ?’ ಬೆಳಗಾವಿಯಲ್ಲಿ ಇದೇ ಮಾತು ಹೇಳಿದ್ದರೆ ಮೊದಲನೆಯದು ಎಂದುಕೊಂಡು ಸುಮ್ಮನಾಗುತ್ತಿದ್ದರು. ಕಾಂಚೀಪುರದಲ್ಲಿ ಹೇಳಿದ್ದರೆ ಎರಡನೆಯದು ಎಂದುಕೊಳ್ಳುತ್ತಿದ್ದರು. ಕೇಳಿ ಖಚಿತ ಮಾಡಿಕೊಳ್ಳಬೇಕಾದ ಊರು ಮೊಳಕಾಲ್ಮೂರು. ಇಲ್ಲಿ ಒಂದು ಬಾರ್ಡರ್ ಮಗ್ಗದ ಮೇಲಿದೆ, ಇನ್ನೊಂದು ಆಂಧ್ರದ ಕಡೆಗೆ ಹೋಗುವ ರಾಯದುರ್ಗದ ರಸ್ತೆಯಲ್ಲಿದೆ. ಎರಡದ್ದೂ ಎಂದೆ. ‘ಹಂಗಾದ್ರೆ ಟೈಮ್ ಸಾಕಾಗುತ್ತಾ?’ ಎಂದರು. ಸಾಲದು ಎಂದು ಈಗ ಅನ್ನಿಸುತ್ತಿದೆ.

ಮೊದಲು ‘ದತ್ತಿ’ಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಈ ಪದಕ್ಕೂ ಗಡಿಗೂ ಹಳೆಯ ನಂಟಿದೆ. ಇವತ್ತು ದತ್ತಿ ಎಂದರೆ ಬ್ಯಾಂಕಿನಲ್ಲಿಟ್ಟ ಹಣ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ಶಾಸನಗಳ ಕಾಲದಲ್ಲಿ ದತ್ತಿ ಎಂದರೆ ಹೆಚ್ಚಾಗಿ ಭೂಮಿ. ಭೂಮಿ ಕೊಟ್ಟ ಮೇಲೆ ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕಲ್ಲ? ಹಾಗಾಗಿ ದಾನಶಾಸನಗಳಲ್ಲಿ ದಾನಿಯ ಬಿರುದುಗಳು ಮುಗಿದ ಮೇಲೆ ನಾಲ್ಕು ದಿಕ್ಕಿನ ಎಲ್ಲೆಗಳ ವರ್ಣನೆ ಶುರುವಾಗುತ್ತದೆ. ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಿಸೆಮರ, ಪಡುವಲಿಗೆ ಕೆರೆಯ ಏರಿ, ಬಡಗಲಿಗೆ ನೆಟ್ಟ ಕಲ್ಲು, ಹೀಗೆ. ಶಿವನಿಗೆ ಬಿಟ್ಟ ಭೂಮಿಯಾದರೆ ಲಿಂಗಮುದ್ರೆ ಕಲ್ಲು, ವಿಷ್ಣುವಿಗಾದರೆ ವಾಮನಮುದ್ರೆ ಕಲ್ಲು. ಬಿರುದಾವಳಿಯನ್ನು ಕವಿಗಳು ಬರೆದಿರಬಹುದು, ಎಲ್ಲೆಯ ಭಾಗವನ್ನು ಮಾತ್ರ ಊರಿನ ಹೊಲ ತುಳಿದು ಬಲ್ಲ ಯಾರೋ ಹೇಳಿ ಬರೆಸಿದ್ದಾರೆ ಎಂದು ಓದುವಾಗ ನನಗೆ ಅನ್ನಿಸುತ್ತದೆ. ಶಾಸನದ ಆ ಸಾಲುಗಳಿಗೇ ಮಣ್ಣಿನ ವಾಸನೆ ಇರುತ್ತದೆ.

ಈಗ ಬಾರ್ಡರ್‌ಗೆ ಬರೋಣ. ಇಂಗ್ಲಿಷಿನ ಈ ಪದ ನಮ್ಮ ಬಾಯಲ್ಲಿ ಏನೇನು ಕೆಲಸ ಮಾಡುತ್ತಿದೆ ಎಂದು ಒಂದು ತಿಂಗಳು ಕಿವಿಗೊಟ್ಟು ಕೇಳಿದೆ. ಪಾಸಿಗೆ ಬೇಕಾದಷ್ಟೇ ಅಂಕ ಬಂದ ಹುಡುಗ ‘ಬಾರ್ಡರ್ ಪಾಸು’. ರಕ್ತ ಪರೀಕ್ಷೆ ಮಾಡಿಸಿ ಬಂದವರು ‘ಶುಗರ್ ಇನ್ನೂ ಬಂದಿಲ್ಲ, ಬಾರ್ಡರ್‌ನಲ್ಲಿದೆ’ ಎನ್ನುತ್ತಾರೆ, ಬರಬೇಕಾದ ನೆಂಟ ಚೆಕ್‌ಪೋಸ್ಟಿನಲ್ಲಿ ನಿಂತಿದ್ದಾನೇನೋ ಎಂಬಂತೆ. ಸೈನ್ಯಕ್ಕೆ ಸೇರಿದ ಮಗ ‘ಬಾರ್ಡರ್‌ನಲ್ಲಿ ಇದಾನೆ’, ಅವನಿರುವುದು ಯಾವುದೋ ಒಳನಾಡಿನ ದಂಡುಪ್ರದೇಶವಾದರೂ ಸರಿಯೇ. 1997ರಲ್ಲಿ ಅದೇ ಹೆಸರಿನ ಹಿಂದಿ ಸಿನಿಮಾ ಬಂದ ಮೇಲೆ ಆ ಅರ್ಥಕ್ಕೆ ಇನ್ನಷ್ಟು ಬಲ ಬಂತು. ರಂಗೋಲಿಗೆ ಬಾರ್ಡರ್, ಅಡುಗೆಮನೆಯ ಟೈಲ್ಸಿಗೆ ಬಾರ್ಡರ್, ಮದುವೆ ಪತ್ರಿಕೆಗೆ ಬಾರ್ಡರ್. ಶಾಲೆಯ ಮಕ್ಕಳು ಹೊಸ ನೋಟ್‌ಬುಕ್ಕಿಗೆ ಮೊದಲ ದಿನ ಕೆಂಪು ಪೆನ್ನಿನಲ್ಲಿ ಎಳೆಯುವುದೂ ಬಾರ್ಡರ್, ಜುಲೈ ಹೊತ್ತಿಗೆ ಆ ಶಿಸ್ತು ನಿಂತಿರುತ್ತದೆ.

ಇದರಲ್ಲಿ ಒಂದು ಸಂಗತಿ ಗಮನಿಸಿ. ಅಂಕಕ್ಕೆ, ಸಕ್ಕರೆ ಕಾಯಿಲೆಗೆ ಇಂಗ್ಲಿಷಿನವರು ಹೇಳುವುದು ‘ಬಾರ್ಡರ್‌ಲೈನ್’ ಎಂದು. ನಾವು ‘ಲೈನ್’ ಕಿತ್ತುಹಾಕಿ ಬರೀ ಬಾರ್ಡರ್ ಉಳಿಸಿಕೊಂಡೆವು. ನಾಲಿಗೆಯ ಸೋಮಾರಿತನ ಎನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಗೆರೆಯ ಮೇಲೆ ಯಾರೂ ಇರಲಾರರು, ಗೆರೆಗೆ ಅಗಲವೇ ಇಲ್ಲ. ‘ಬಾರ್ಡರ್‌ನಲ್ಲಿ’ ಎಂದಾಗ ಆ ‘ಅಲ್ಲಿ’ ಎಂಬ ಪ್ರತ್ಯಯಕ್ಕೆ ಕಾಲೂರಲು ಒಂದು ಜಾಗ ಬೇಕು. ನಮ್ಮ ಶುಗರ್ ಆ ಜಾಗದಲ್ಲಿ ವರ್ಷಗಟ್ಟಲೆ ವಾಸ ಮಾಡುತ್ತದೆ. ಬಾರ್ಡರ್ ಎಂದರೆ ಗೆರೆ ಎನ್ನುವುದಕ್ಕಿಂತ ಪಟ್ಟಿ ಎನ್ನುವ ಈ ತಿಳಿವಳಿಕೆ ಕನ್ನಡಿಗರು ಕಟ್ಟಿಕೊಂಡ ಹೊಸದೇನೂ ಅಲ್ಲ. ಆ ಪದ ಹುಟ್ಟಿದ್ದೇ ಹಾಗೆ.

ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು, ‘ಬೋರ್ಡ್ಯೂರ್’ ಎಂಬ ಉಚ್ಚಾರಕ್ಕೆ ಹತ್ತಿರದ ರೂಪದಲ್ಲಿ. ಆಗ ಅದು ವೀರರ ಗುರಾಣಿಗೆ ಸಂಬಂಧಿಸಿದ ಮಾತು. ಗುರಾಣಿಯ ಮೇಲೆ ಮನೆತನದ ಲಾಂಛನ ಬರೆದು, ಅದರ ಸುತ್ತ ಬೇರೆ ಬಣ್ಣದ ಅಗಲವಾದ ಪಟ್ಟಿಯೊಂದನ್ನು ಹಾಕುತ್ತಿದ್ದರು. ಆ ಪಟ್ಟಿಯೇ ಬಾರ್ಡರ್. ಹಳೆಯ ಫ್ರೆಂಚಿನಲ್ಲಿ ಅದೇ ಪದಕ್ಕೆ ಬಟ್ಟೆಯ ಅಂಚು, ಹೊಲಿಗೆ ಎಂಬ ಅರ್ಥವೂ ಇತ್ತು. ಫ್ರೆಂಚರಿಗೆ ಇದು ಸಿಕ್ಕಿದ್ದು ಜರ್ಮಾನಿಕ್ ಬುಡಕಟ್ಟಿನವರಿಂದ, ‘ಬೋರ್ಡ್’ ಎಂಬ ಮೂಲದಿಂದ. ಅದರ ಅರ್ಥ ಪಕ್ಕ, ಅಂಚು, ಮುಖ್ಯವಾಗಿ ಹಡಗಿನ ಪಕ್ಕ. ಹಡಗಿನಿಂದ ನೀರಿಗೆ ಬಿದ್ದವನು ‘ಓವರ್‌ಬೋರ್ಡ್’ ಹೋದ ಎನ್ನುವಾಗ ಅವನು ದಾಟಿದ್ದು ಆ ಪಕ್ಕವನ್ನು. ಹಡಗಿನ ಬಲಬದಿಗೆ ‘ಸ್ಟಾರ್‌ಬೋರ್ಡ್’ ಎನ್ನುತ್ತಾರಲ್ಲ, ಅಲ್ಲಿ ನಕ್ಷತ್ರವೇನೂ ಇಲ್ಲ, ಹಡಗು ತಿರುಗಿಸುವ ಹುಟ್ಟು ಇದ್ದ ಪಕ್ಕ ಎಂದಷ್ಟೇ. ಹಲಗೆ ಎಂಬ ಅರ್ಥದ ಬೋರ್ಡೂ ಇದೇ ಮನೆತನದ್ದು ಎನ್ನುವವರಿದ್ದಾರೆ, ಎರಡು ಬೇರೆ ಪದಗಳು ಹಿಂದೆಯೇ ಕಲಸಿಹೋದವು ಎನ್ನುವವರೂ ಇದ್ದಾರೆ. ಹಲಗೆ ಊಟದ ಮೇಜಾಯಿತು, ಮೇಜು ಊಟವೇ ಆಯಿತು, ಹೀಗೆ ನಮ್ಮ ಬಸ್‌ಸ್ಟ್ಯಾಂಡಿನ ಎದುರಿಗೆ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಬಂತು. ಆ ಫಲಕವನ್ನೂ ನಾವು ಬೋರ್ಡ್ ಎಂದೇ ಕರೆಯುತ್ತೇವೆ. ಬೋರ್ಡಿಂಗಿನ ಬೋರ್ಡು! ಅದು ಇನ್ನೊಂದು ದಿನದ ಉಪನ್ಯಾಸ.

ದೇಶದ ಗಡಿ ಎಂಬ ಅರ್ಥ ಈ ಪದಕ್ಕೆ ಬಂದದ್ದು ಆಮೇಲೆ, ಅದು ನೆಲೆಯೂರಿದ್ದು ಸ್ಕಾಟ್ಲೆಂಡಿನ ಕಡೆ. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಸೀಮೆಗೆ ಅಲ್ಲಿನವರು ‘ದ ಬಾರ್ಡರ್ಸ್’ ಎನ್ನುತ್ತಿದ್ದರು. ಅದು ಬಹುವಚನ ಎಂಬುದನ್ನು ಮರೆಯಬೇಡಿ. ಅದು ಜನ ವಾಸವಿದ್ದ, ದನ ಕದಿಯುವ ತಂಡಗಳು ಓಡಾಡುತ್ತಿದ್ದ, ಎರಡೂ ರಾಜರ ಮಾತನ್ನು ಅಷ್ಟಾಗಿ ಕೇಳದ ಒಂದು ಪಟ್ಟಿ. ಅದರಲ್ಲೇ ಒಂದು ಭಾಗಕ್ಕೆ ‘ವಿವಾದದ ನೆಲ’ ಎಂಬ ಹೆಸರಿತ್ತು, ಅದು ತಮ್ಮದು ಎಂದು ಎರಡೂ ಕಡೆಯವರು ಹೇಳಿಕೊಳ್ಳುತ್ತಿದ್ದರು. 1552ರಲ್ಲಿ ಫ್ರೆಂಚ್ ರಾಯಭಾರಿಯ ಮಧ್ಯಸ್ಥಿಕೆಯಲ್ಲಿ ಆ ನೆಲವನ್ನು ಎರಡು ಪಾಲು ಮಾಡಿ ನಡುವೆ ಮಣ್ಣಿನ ದಿಬ್ಬ ಎತ್ತಿದರು. ಅಂದರೆ ಪದ ಮೊದಲು ಬಂತು, ಗೆರೆ ಆಮೇಲೆ ಬಂತು. ಗುರಾಣಿಯ ಪಟ್ಟಿ, ಬಟ್ಟೆಯ ಪಟ್ಟಿ, ನೆಲದ ಪಟ್ಟಿ, ಕೊನೆಗೆ ನಕಾಶೆಯ ಗೆರೆ, ಈ ಕ್ರಮದಲ್ಲಿ ಬಾರ್ಡರ್ ನಡೆದುಕೊಂಡು ಬಂದಿದೆ. ನಡೆಯುತ್ತಾ ನಡೆಯುತ್ತಾ ಸಣಕಲಾಗಿದೆ.

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಈ ಪದ ಇನ್ನೂ ಸಣಕಲಾಗಿಲ್ಲ. ‘ನಾಲ್ಕು ಬೆರಳು ಬಾರ್ಡರ್’, ‘ಗೇಣು ಬಾರ್ಡರ್’ ಎಂದು ಅದನ್ನು ಇಲ್ಲಿ ಕೈಯಲ್ಲೇ ಅಳೆಯುತ್ತಾರೆ. ನಾನು ಮೊದಲ ಸಲ ಇಲ್ಲಿ ಮೂರು ಲಾಳಿಯ ನೇಯ್ಗೆ ನೋಡಿದ್ದು ಒಂದು ಮಧ್ಯಾಹ್ನ, ಗುಂಡಿ ಮಗ್ಗದ ಮುಂದೆ ಅರ್ಧ ಗಂಟೆ ನಿಂತು. ನೇಕಾರರು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಕೂತಿದ್ದರು. ಪಕ್ಕದಲ್ಲಿ ಇನ್ನೊಬ್ಬರು. ಹಾಸಿನ ಎಳೆಗಳು ಮೂರು ಪಾಲು: ಎಡಗಡೆ ಅಂಚಿನ ಬಣ್ಣ, ನಡುವೆ ಒಡಲಿನ ಬಣ್ಣ, ಬಲಗಡೆ ಮತ್ತೆ ಅಂಚಿನ ಬಣ್ಣ. ಒಂದೇ ಲಾಳಿಯ ಸೀರೆಯಾದರೆ ಹೊಕ್ಕಿನ ಎಳೆ ಈ ಅಂಚಿನಿಂದ ಆ ಅಂಚಿಗೆ ನೇರ ಓಡುತ್ತದೆ. ಆಗ ಒಡಲಿನ ಬಣ್ಣ ಅಂಚಿನೊಳಗೂ ಹೊಕ್ಕು ಅಂಚಿನ ಕೆಂಪು ಶುದ್ಧ ಕೆಂಪಾಗಿ ಉಳಿಯುವುದಿಲ್ಲ, ಒಡಲು ಹಸಿರಾಗಿದ್ದರೆ ಆ ಹಸಿರಿನ ನೆರಳು ಬೀಳುತ್ತದೆ. ಮೂರು ಲಾಳಿಯಲ್ಲಿ ಹಾಗಾಗದು. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಒಡಲಿನ ಹೊಕ್ಕು ಅಂಚಿನ ಬಾಗಿಲ ತನಕ ಬರುತ್ತದೆ. ಅಂಚಿನ ಹೊಕ್ಕು ಆ ಕಡೆಯಿಂದ ಅದೇ ಬಾಗಿಲಿಗೆ ಬರುತ್ತದೆ. ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ತಂತಮ್ಮ ಮನೆಗೆ ತಿರುಗುತ್ತವೆ. ಒಳಗೆ ಬರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಕೊಕ್ಕೆ ಒಂದು ಕಡೆ ತಪ್ಪಿತೋ, ಅಲ್ಲಿ ಸೀಳು. ಸೀರೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಆ ಕೊಕ್ಕೆಗಳ ಸಾಲು ಸಣ್ಣ ಏಣಿನಂತೆ ತಾಗುತ್ತದೆ. ನವಿಲು, ಹೂವು, ಹಣ್ಣು ಎಲ್ಲ ಮೇಲೆ. ಈ ಏಣು ಮಾತ್ರ ಕಣ್ಣಿಗೆ ಬೀಳದ ಕಡೆ.

ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ದೊರೆಯಿತು. ಇದೂ ಒಂದು ಬಾರ್ಡರ್ ಅಲ್ಲವೇ? ಮೊಳಕಾಲ್ಮೂರು ಸೀರೆ ಎಂಬ ಹೆಸರು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲದು ಎಂದು ಕಾನೂನು ಎಳೆದ ಎಲ್ಲೆ ಅದು. ಬೇರೆಲ್ಲೋ ಪವರ್‌ಲೂಮಿನಲ್ಲಿ ನೇಯ್ದದ್ದಕ್ಕೆ ಈ ಹೆಸರು ಅಂಟಿಸುವಂತಿಲ್ಲ. ಅಂಗಡಿಗಳಲ್ಲಿ ಅಂಟಿಸುತ್ತಾರೆ, ಅದು ಬೇರೆ ಮಾತು.

ಅಂಚು ಎಂಬ ಚೆಂದದ ಕನ್ನಡ ಪದ ಇರುವಾಗ ಬಾರ್ಡರ್ ಯಾಕೆ ಬಂತು ಎಂದು ಕೇಳುವವರಿದ್ದಾರೆ. ನಾನೂ ಹಿಂದೆ ಕೇಳುತ್ತಿದ್ದೆ, ಸ್ವಲ್ಪ ಕೋಪದಿಂದಲೇ. ನನ್ನ ತಾಯಿ ಸೀರೆ ಅಂಗಡಿಯಲ್ಲಿ ‘ಅಂಚು ಸಣ್ಣದಾತಪ್ಪ’ ಎನ್ನುತ್ತಿದ್ದರು. ಅದೇ ಅಂಗಡಿಯಲ್ಲಿ ಈಗ ನನ್ನ ಸೊಸೆ ‘ಬಿಗ್ ಬಾರ್ಡರ್ ತೋರಿಸಿ’ ಎನ್ನುತ್ತಾಳೆ. ಒಂದು ಪದ ಸತ್ತಿತು ಎಂದುಕೊಂಡೆ. ಸತ್ತಿಲ್ಲ. ರೊಟ್ಟಿಯ ಅಂಚು ಇವತ್ತಿಗೂ ಅಂಚೇ, ರೊಟ್ಟಿಯ ಬಾರ್ಡರ್ ಸುಟ್ಟಿತು ಎಂದು ಯಾರೂ ಅನ್ನುವುದಿಲ್ಲ. ಹೊಲದ ನಡುವೆ ಇರುವುದು ಬದು. ಚಳ್ಳಕೆರೆ ಕಡೆಯ ಕಂಬಳಿಗೆ ಇರುವುದೂ ಅಂಚು. ಮಾರಿ, ಅಳೆದು, ಪಟ್ಟಿ ಮಾಡಿ, ಬೆಲೆ ಕಟ್ಟುವ ಕಡೆಯಲ್ಲೆಲ್ಲ ಬಾರ್ಡರ್ ಬಂದು ಕೂತಿದೆ. ಮುಟ್ಟಿ, ಮುರಿದು, ಕಚ್ಚಿ ತಿನ್ನುವ ಕಡೆ ಅಂಚು ಹಾಗೇ ಇದೆ. ಅಂಗಡಿಯ ಕೌಂಟರಿನ ಈಚೆಗೆ ಅಂಚು, ಆಚೆಗೆ ಬಾರ್ಡರ್. ಇಂಥ ಕೆಲಸ ಹಂಚಿಕೆ ಭಾಷೆಯೊಳಗೆ ತಾನಾಗಿ ನಡೆಯುತ್ತದೆ, ಯಾವ ಪ್ರಾಧಿಕಾರವನ್ನೂ ಕೇಳದೆ.

ಇನ್ನೊಂದು ಸ್ವಾರಸ್ಯ. ಈ ಊರಿನ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ತೆಲುಗಿನಲ್ಲಿ ಸೀರೆಯ ಅಂಚಿಗೆ ಏನೆನ್ನುತ್ತಾರೆ? ಅಂಚು ಎಂದೇ. ರಾಯದುರ್ಗದ ರಸ್ತೆಯಲ್ಲಿ ರಾಜ್ಯ ಬದಲಾಗುತ್ತದೆ, ಫಲಕದ ಲಿಪಿ ಬದಲಾಗುತ್ತದೆ, ಅಂಚು ಮಾತ್ರ ಬದಲಾಗದೆ ಆಚೆಗೂ ಮುಂದುವರಿಯುತ್ತದೆ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ‘ದಡಿ’ ಎನ್ನುತ್ತಾರೆ. ಇಳಕಲ್ಲಿನ ಸೀರೆಯ ದಡಿಗಳಿಗೆ ಗೋಮಿ, ಪರಾಸಪೇಟೆ, ಗಾಡಿ ಎಂದು ಬೇರೆ ಬೇರೆ ಹೆಸರುಗಳೇ ಇವೆ. ದಡಿ ಎಂದಾಗ ನನಗೆ ಪಕ್ಕದಲ್ಲೇ ಹೊಳೆಯ ದಡ ಕೇಳಿಸುತ್ತದೆ. ತಮಿಳರು ಇನ್ನೂ ಬಿಚ್ಚುಮನಸ್ಸಿನವರು, ನದಿಯ ದಡಕ್ಕೂ ಸೀರೆಯ ಅಂಚಿಗೂ ಒಂದೇ ಪದ, ‘ಕರೈ’. ನಮ್ಮ ‘ಕರಾವಳಿ’ಯಲ್ಲಿ ಕೂತಿರುವ ‘ಕರೆ’ಯೂ ಅದೇ. ಸೀರೆಯ ಒಡಲು ಹರಿಯುವ ನೀರು, ಎರಡು ಕಡೆ ದಡ. ಒಂದು ಪಂಗಡದ ಭಾಷೆಗಳು ಬಟ್ಟೆಯನ್ನು ಹೊಳೆಯಂತೆ ನೋಡಿದರೆ, ಸಮುದ್ರದ ಜನರಾದ ಉತ್ತರ ಯೂರೋಪಿನವರು ಅಂಚನ್ನು ಹಡಗಿನ ಪಕ್ಕದಲ್ಲಿ ಕಂಡರು. ಕವಿರಾಜಮಾರ್ಗವೂ ಕನ್ನಡನಾಡಿಗೆ ಎಲ್ಲೆ ಹೇಳುವಾಗ ಕಾವೇರಿ, ಗೋದಾವರಿ ಎಂಬ ಎರಡು ನದಿಗಳನ್ನು ಹೆಸರಿಸುತ್ತದೆ. ನಾಡನ್ನೂ ಒಂದು ಸೀರೆಯಂತೆ ಬಿಡಿಸಿ ಹಾಸಿ ನೋಡಿದ ಹಾಗೆ.

ನಮ್ಮಲ್ಲೂ ಬಟ್ಟೆಯ ಮಾತು ನೆಲಕ್ಕೆ ಹೋಗಿದೆ. ಕಾಡಿನ ಸೆರಗು, ಊರ ಸೆರಗು, ಬೆಟ್ಟದ ಸೆರಗು. ಹಾಗೆಯೇ ‘ಸೀಮೆ’. ಸಂಸ್ಕೃತದಲ್ಲಿ ಸೀಮಾ ಎಂದರೆ ಎಲ್ಲೆ, ಬೈತಲೆಯ ಗೆರೆಗೆ ಸೀಮಂತ. ಬಸುರಿಗೆ ಮಾಡುವ ಶಾಸ್ತ್ರದ ಹೆಸರು ಬಂದದ್ದು ಆ ಬೈತಲೆಯಿಂದ. ಕನ್ನಡಕ್ಕೆ ಬಂದ ಸೀಮೆ ಗೆರೆಯಾಗಿ ಉಳಿಯಲು ಒಪ್ಪದೆ ಊದಿಕೊಂಡಿತು. ಬಯಲುಸೀಮೆ ಎಂದರೆ ಬಯಲಿನ ಗಡಿಯಲ್ಲ, ಬಯಲು ನಾಡೇ. ಪಕ್ಕದ ರಾಯಲಸೀಮೆಯೂ ಹಾಗೆ. ಅಷ್ಟಕ್ಕೆ ನಿಲ್ಲದೆ ಎಲ್ಲೆಯಾಚೆಗೂ ಹಾರಿ ಪರದೇಶ ಎಂಬ ಅರ್ಥ ಪಡೆಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಎಲ್ಲೆ, ಎಲ್ಲೆಯ ಒಳಗಿನದು, ಎಲ್ಲೆಯ ಹೊರಗಿನದು, ಮೂರನ್ನೂ ಒಂದೇ ಪದ ಹೊತ್ತಿದೆ. ಮೂರು ಲಾಳಿಯ ಪದ! ಮರ್ಯಾದೆಯೂ ಮೂಲದಲ್ಲಿ ಎಲ್ಲೆಯೇ. ಸಮುದ್ರ ದಾಟದ ದಡ ಮರ್ಯಾದೆ, ಮನುಷ್ಯ ದಾಟದ ನಡತೆ ಮರ್ಯಾದೆ. ಕಚೇರಿಯಿಂದ ಬಂದ ಅರಬ್ಬಿ ‘ಹದ್ದು’ ಕೂಡ ಅಷ್ಟೇ: ‘ಹದ್ದು ಮೀರಬೇಡ’ ಎಂದು ಬೈಯುತ್ತೇವೆ, ಹೊಲದ ಅಳತೆಗೆ ‘ಹದ್ದುಬಸ್ತು’ ಅರ್ಜಿ ಹಾಕುತ್ತೇವೆ. ಮೇಲೆ ಹಾರುವ ಹದ್ದಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಸರ್ವೆಯವರು ಬಂದ ದಿನ ಎರಡೂ ಒಂದೇ ಎನ್ನಿಸುವುದುಂಟು.

ಈ ತಾಲ್ಲೂಕಿನಲ್ಲಿ ಗಡಿಗೆ ಸಂಬಂಧಿಸಿದ ಅತ್ಯಂತ ಹಳೆಯ ಪದ ಯಾವುದು? ಅದಕ್ಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ, ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆಯ ಅಶೋಕನ ಕಿರು ಶಾಸನಗಳನ್ನು 1890ರ ದಶಕದ ಆರಂಭದಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು, ಅಂದರೆ ರಾಜಕುಮಾರ ಮತ್ತು ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ಕೇಳಿ ಕಳಿಸಿದ ಆಜ್ಞೆ ಅದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಲ್ಲಿ ಶ್ರಮಪಟ್ಟು ಮೇಲೇರಬಹುದು ಎಂದು ಹೇಳಿ, ಈ ವಿಷಯ ‘ಅಂತಾ’ ಎಂಬವರಿಗೂ ತಿಳಿಯಲಿ ಎನ್ನುತ್ತದೆ ಶಾಸನ. ಅಂತಾ ಎಂದರೆ ಅಂಚಿನಲ್ಲಿರುವವರು, ಗಡಿಯಾಚೆಯ ನೆರೆಯವರು. ಸಾಮ್ರಾಜ್ಯದ ತೆಂಕಣ ತುದಿಯಲ್ಲಿ ಕೂತು ಆ ಪದವನ್ನು ಕೊರೆಸಿದ್ದಾರೆ ಎಂಬುದನ್ನು ನೆನೆಯಿರಿ. ಪಾಟಲಿಪುತ್ರದಲ್ಲಿ ಓದಿದರೆ ಅದು ದೂರದ ಯಾರಿಗೋ ಸಂಬಂಧಿಸಿದ ಮಾತು. ಇಲ್ಲಿ ಓದಿದರೆ ಕೈಚಾಚಿದರೆ ಸಿಗುವ ಜನ.

ಇಸಿಲ ಎಂಬುದು ಕನ್ನಡದ್ದೇ ಪದ ಎಂದು ಡಿ. ಎಲ್. ನರಸಿಂಹಾಚಾರ್ ಅಭಿಪ್ರಾಯಪಟ್ಟಿದ್ದರು. ಆ ವಾದವನ್ನು ಒಪ್ಪಿದರೆ ಬರಹದಲ್ಲಿ ಕಾಣಿಸಿಕೊಂಡ ಕನ್ನಡದ ಮೊದಲ ಪದ ಒಂದು ಗಡಿಯೂರಿನ ಹೆಸರು, ಪ್ರಾಕೃತದ ವಾಕ್ಯದೊಳಗೆ ಕೊಕ್ಕೆ ಹಾಕಿಕೊಂಡು ಕೂತದ್ದು. ಶಾಸನದ ಕೊನೆಗೆ ಬರೆದವನ ರುಜು ಇದೆ: ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ, ಸಾಮ್ರಾಜ್ಯದ ಇನ್ನೊಂದು ತುದಿಯಾದ ಗಾಂಧಾರದ ಕಡೆಯದು. ಬ್ರಹ್ಮಗಿರಿಯಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಾರು? ಆದರೂ ಬರೆದ. ವಾಯವ್ಯದ ಅಂಚಿನ ಲಿಪಿ ತೆಂಕಣ ಅಂಚಿನ ಬಂಡೆಗೆ ಬಂದದ್ದು ಹೀಗೆ. ಬೇರೆ ಬಣ್ಣದ ಎಳೆ ಹಾಕಿ ನೇಯ್ಗೆಗೆ ಗುರುತು ಬಿಡುವ ನೇಕಾರನ ಠೀವಿ ನನಗೆ ಅಲ್ಲಿ ಕಾಣುತ್ತದೆ. ಇದು ನನ್ನ ಕಲ್ಪನೆ, ಶಾಸನತಜ್ಞರು ಕ್ಷಮಿಸಬೇಕು.

ನಕಾಶೆಯ ಗಡಿಗೆ ಹೆಚ್ಚು ಹೊತ್ತು ಬೇಡ, ಅದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಸ್ವಾತಂತ್ರ್ಯಕ್ಕೆ ಮುಂಚೆ ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಒಂದು ಮೂಲೆ, ಮೂರು ಕಡೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಕೂಡ್ಲಿಗಿಗೆ ಹೋದರೂ ಬ್ರಿಟಿಷ್ ಸೀಮೆ, ಬಳ್ಳಾರಿಗೆ ಹೋದರೂ ಬ್ರಿಟಿಷ್ ಸೀಮೆ, ರಾಯದುರ್ಗಕ್ಕೆ ಹೋದರೂ ಅದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಒಂದೇ ದಿನದಲ್ಲಿ ಈ ತಾಲ್ಲೂಕಿನ ಎರಡು ಕಡೆಯ ಗಡಿ ಬರೀ ಜಿಲ್ಲೆಯ ಗಡಿಯಾಗಿ ತೆಳುವಾಯಿತು, ಒಂದು ಕಡೆಯದು ರಾಜ್ಯದ ಗಡಿಯಾಗಿ ಗಟ್ಟಿಯಾಯಿತು. ಸೀರೆ ಅದೇ, ಒಂದು ಅಂಚನ್ನು ಮಾತ್ರ ಬದಲಿಸಿದಂತೆ. ಹೆಣ್ಣು ತರುವುದು, ಕೊಡುವುದು, ಸಂತೆಗೆ ಹೋಗುವುದು, ಜಾತ್ರೆಗೆ ಬರುವುದು ನಿಂತಿತೇ? ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬರುವವರನ್ನು ಯಾವ ರಾಜ್ಯದವರೆಂದು ವಿಂಗಡಿಸಲು ಯಾರಿಂದಲೂ ಆಗದು. ಗಡಿಯ ಎರಡೂ ಕಡೆ ಎರಡು ನುಡಿ ಬಲ್ಲವರಿದ್ದಾರೆ. ಅವರು ಬೈಯುವಾಗ ಒಂದು ಭಾಷೆ, ಲೆಕ್ಕ ಹಾಕುವಾಗ ಇನ್ನೊಂದು ಭಾಷೆ ಹಿಡಿಯುವುದನ್ನು ಬಸ್ಸಿನಲ್ಲಿ ಕೇಳಬೇಕು. ಇಲ್ಲಿ ಗಡಿಗೆ ಒಂದೆರಡು ಹೋಬಳಿಯಷ್ಟು ಅಗಲವಿದೆ.

ಅಗಲವಿಲ್ಲದ ಗಡಿಯೂ ಈ ಸೀಮೆಯಲ್ಲಿ ಬಂತು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ, ಕುದಾಪುರ, ಉಳ್ಳಾರ್ತಿಯ ಸುತ್ತ, ಸುಮಾರು 10 ಸಾವಿರ ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವಕ್ಕೆ ಕೊಟ್ಟರು. ಗೋಡೆ ಎದ್ದಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋದರು. ವಿಜ್ಞಾನ ಬೇಕೋ ಕುರಿ ಬೇಕೋ ಎಂದು ವಾದಿಸಲು ನಾನಿಲ್ಲಿ ಬಂದಿಲ್ಲ. ಆ ಗೋಡೆಗೆ ಅಲ್ಲಿನವರು ಯಾವ ಪದ ಬಳಸುತ್ತಾರೆ ಎಂದು ಮಾತ್ರ ಕೇಳಿದೆ. ಬಾರ್ಡರ್ ಎನ್ನಲಿಲ್ಲ, ಗಡಿ ಎನ್ನಲಿಲ್ಲ, ಅಂಚು ಎನ್ನಲೇ ಇಲ್ಲ. ‘ಕಾಂಪೌಂಡ್’ ಎಂದರು. ಇಂಗ್ಲಿಷಿನಲ್ಲಿ ಕಾಂಪೌಂಡ್ ಎಂದರೆ ಗೋಡೆಯ ಒಳಗಿನ ಆವರಣ, ಮಲಯ ಭಾಷೆಯಲ್ಲಿ ಹಳ್ಳಿಗೆ ಹೇಳುವ ‘ಕಂಪುಂಗ್’ನಿಂದ ಬಂದದ್ದು ಎನ್ನುತ್ತಾರೆ. ಕನ್ನಡದಲ್ಲಿ ಆ ಪದ ಒಳಗಿನ ಜಾಗವನ್ನು ಕೈಬಿಟ್ಟು ಗೋಡೆಯನ್ನಷ್ಟೇ ಇಟ್ಟುಕೊಂಡಿದೆ. ಹೊರಗೆ ನಿಂತವರಿಗೆ ಕಾಣುವುದು ಗೋಡೆ ತಾನೇ.

ಮಗ್ಗಕ್ಕೆ ಮರಳಿ ಮುಗಿಸುತ್ತೇನೆ. ಮೂರು ಲಾಳಿಯ ನೇಯ್ಗೆಗೆ ಇಬ್ಬರು ಬೇಕು. ಹಿಂದೆ ಆ ಎರಡನೆಯವರು ಹೆಚ್ಚಾಗಿ ಮನೆಯ ಮಕ್ಕಳು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ದೊಡ್ಡವರನ್ನು ಇಟ್ಟುಕೊಂಡರೆ ಕೂಲಿ ಗಿಟ್ಟುವುದಿಲ್ಲ. ಹಾಗಾಗಿ ಒಂದೇ ಲಾಳಿಯ ಸೀರೆ ಹೆಚ್ಚುತ್ತಿದೆ, ಒಡಲಿನ ಬಣ್ಣ ಅಂಚಿನೊಳಗೆ ಇಳಿಯುವ ಸೀರೆ. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಕಳೆದ ವಾರ ಇಲ್ಲಿಯ ಒಂದು ಮಗ್ಗದ ಮನೆಯಲ್ಲಿ ಎರಡು ಬಗೆಯದನ್ನೂ ಮಡಿಲ ಮೇಲೆ ಹಾಸಿ ತೋರಿಸಿದರು. ಮೊದಲನೆಯದರ ಅಂಚು ಮಾವಿನ ಚಿಗುರಿನ ಕೆಂಪಾಗಿತ್ತು, ಎರಡನೆಯದರ ಕೆಂಪಿಗೆ ಸ್ವಲ್ಪ ಮಬ್ಬು. ಬೆಲೆ ಕೇಳಿದೆ. ಮನೆಯೊಡತಿ ಮೊದಲನೆಯದನ್ನು ತಿರುವಿ, ಹಿಂಬದಿಯ ಏಣಿನ ಮೇಲೆ ನನ್ನ ಹೆಬ್ಬೆರಳನ್ನೇ ಹಿಡಿದು ಒತ್ತಿ, ‘ಇದನ್ನ ನೋಡಿ ಹೇಳ್ತೀರಾ, ಮುಂದಿಂದು ನೋಡಿ ಹೇಳ್ತೀರಾ?’ ಎಂದರು.